ಬಿಕೆಟಿಯ ‘ಬಿ’ ಯಾರು? ಮಕ್ಕಳ ಬುದ್ಧಿ ಅಳೆಯೋ ಮೊದಲು ತನ್ನ ತಪ್ಪು ಅಳೆದುಕೊಂಡ ಆಲ್ಫ್ರೆಡ್ ಬಿನೆ

ಧಾರವಾಡ: ಮಗುವಿಗೆ ಮಾತು ತಡವಾಗಿದೆ, ಓದು ತಲೆಗೆ ಹತ್ತುತ್ತಿಲ್ಲ ಅಂತ ಆಸ್ಪತ್ರೆಗೆ ಅಲೆದ ತಂದೆ-ತಾಯಿಗಳಿಗೆ ‘ಬಿಕೆಟಿ’ ಅನ್ನೋ ಮೂರಕ್ಷರ ಹೊಸದಲ್ಲ. ವಿಶೇಷ ಶಾಲೆಗೆ ಸೇರಿಸಬೇಕೇ, ಯುಡಿಐಡಿ ಕಾರ್ಡ್ ಸಿಗುತ್ತದೆಯೇ ಅನ್ನೋ ಪ್ರಶ್ನೆ ಬಂದಾಗ ಮನಶ್ಶಾಸ್ತ್ರಜ್ಞರು ಮಗುವನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ ಈ ಟೆಸ್ಟ್ ಮಾಡುತ್ತಾರೆ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿರಬೇಕು. ಒಳಗೆ ಬಿಟ್ಟರೂ ಬಾಯಿ ತೆರೆಯುವಂತಿಲ್ಲ. ಮನೆಯಲ್ಲಿ ಎಲ್ಲಾ ಹೇಳ್ತಾನೆ, ಇಲ್ಲಿ ಸ್ವಲ್ಪ ಬಿಡಿಸಿ ಕೇಳಿದರೆ ಹೇಳಿಯೇ ಹೇಳ್ತಾನೆ ಅಂತ ಎಷ್ಟು ಬೇಡಿಕೊಂಡರೂ ಪರೀಕ್ಷಕರು ಪ್ರಶ್ನೆಯನ್ನು ಬದಲಿಸುವುದಿಲ್ಲ. ಇದೇನು ಹಟಮಾರಿತನ ಅಂತ ಹಲವರಿಗೆ ಸಿಟ್ಟೂ ಬರುತ್ತದೆ.

ಬಿಕೆಟಿ ಅಂದರೆ ಬಿನೆ-ಕಾಮತ್ ಟೆಸ್ಟ್. ನಮ್ಮಲ್ಲಿ ‘ಬಿನೆಟ್’ ಅಂತಲೇ ಹೆಚ್ಚಿನವರು ಹೇಳುತ್ತಾರೆ, ಫ್ರೆಂಚಿನಲ್ಲಿ ಕೊನೆಯ ಅಕ್ಷರ ಉಚ್ಚಾರವಾಗುವುದಿಲ್ಲ. ಕಾಮತ್ ಅಂದರೆ ವಿ.ವಿ. ಕಾಮತ್. ಅವರು ಕೆಲಸ ಮಾಡಿದ್ದು ಇದೇ ಧಾರವಾಡದ ಮಕ್ಕಳ ಜೊತೆ. ಅವರ ವಿಷಯಕ್ಕೆ ಕೊನೆಯಲ್ಲಿ ಬರೋಣ. ಮೊದಲು ಪ್ಯಾರಿಸ್ಸಿನ ಬಿನೆ. ಯಾಕಂದರೆ ಪರೀಕ್ಷಕರ ಆ ‘ಹಟಮಾರಿತನ’ ಶುರುವಾಗಿದ್ದು ಈ ಮನುಷ್ಯ ಸ್ವತಃ ಬಿದ್ದ ಒಂದು ದೊಡ್ಡ ಪೆಟ್ಟಿನಿಂದ.

ಆಲ್ಫ್ರೆಡ್ ಬಿನೆ ಹುಟ್ಟಿದ್ದು 1857ರ ಜುಲೈನಲ್ಲಿ, ನೀಸ್ ಊರಿನಲ್ಲಿ. ಆಗಿನ್ನೂ ಆ ಊರು ಫ್ರಾನ್ಸಿಗೆ ಸೇರಿರಲಿಲ್ಲ. ತಂದೆ ವೈದ್ಯ, ತಾಯಿ ಚಿತ್ರ ಬರೆಯುವವರು. ಅವರಿಬ್ಬರೂ ಬೇರೆಯಾದ ಮೇಲೆ ಹುಡುಗ ತಾಯಿಯ ಜೊತೆ ಬೆಳೆದು ಓದಲಿಕ್ಕೆ ಪ್ಯಾರಿಸ್ಸಿಗೆ ಬಂದ. ಕಾನೂನು ಓದಿ ಪದವಿ ಪಡೆದ, ವಕೀಲಿಕೆ ಹಿಡಿಸಲಿಲ್ಲ. ವೈದ್ಯಕೀಯಕ್ಕೆ ಕೈ ಹಾಕಿ ಅದನ್ನೂ ಅರ್ಧಕ್ಕೇ ಬಿಟ್ಟ. ನಂತರ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂತು ಮನಶ್ಶಾಸ್ತ್ರದ ಪುಸ್ತಕಗಳನ್ನು ಒಂದೊಂದಾಗಿ ಓದಿ ಮುಗಿಸತೊಡಗಿದ. ಗುರು ಇಲ್ಲ, ಲ್ಯಾಬ್ ಇಲ್ಲ, ಡಿಗ್ರಿಯೂ ಇಲ್ಲ. 1880ರಲ್ಲಿ ಸ್ಪರ್ಶಜ್ಞಾನದ ಬಗ್ಗೆ ಮೊದಲ ಲೇಖನ ಬರೆದಾಗ ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಡೆಲ್ಬೂಫ್ ಅದನ್ನು ಎತ್ತಿ ಝಾಡಿಸಿದರು. ಈ ಡೆಲ್ಬೂಫ್ ಹೆಸರು ನೆನಪಿರಲಿ, ಮತ್ತೆ ಬರುತ್ತಾರೆ.

ಆ ಕಾಲಕ್ಕೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರರೋಗ ತಜ್ಞ ಶಾರ್ಕೋ ಅಂದರೆ ದೊಡ್ಡ ಹೆಸರು. ಹಿಪ್ನಾಟಿಸಂ ಬಗ್ಗೆ ಅವರು ಹೇಳಿದ್ದೇ ವೇದವಾಕ್ಯ. 1883ರ ಹೊತ್ತಿಗೆ ಬಿನೆ ಅವರ ಬಳಗ ಸೇರಿದ. ಅಲ್ಲಿಯ ವೈದ್ಯ ಶಾರ್ಲ್ ಫೆರೆ ಜೊತೆ ಸೇರಿ ಒಂದು ಅದ್ಭುತವನ್ನೇ ಕಂಡುಹಿಡಿದೆವು ಅಂತ ಪ್ರಕಟಿಸಿಬಿಟ್ಟ. ಹಿಪ್ನಾಟಿಸಂಗೆ ಒಳಗಾದ ರೋಗಿಯ ಬಲಗೈ ಸೆಟೆದುಕೊಂಡಿದೆ ಅನ್ನಿ. ಹತ್ತಿರ ಆಯಸ್ಕಾಂತ ಹಿಡಿದರೆ ಆ ಸೆಟೆತ ಎಡಗೈಗೆ ದಾಟುತ್ತದಂತೆ! ಕೈ ಮಾತ್ರವಲ್ಲ, ಭಾವನೆಯೂ ಉಲ್ಟಾ ಆಗುತ್ತದೆ ಅಂದರು.

ಡೆಲ್ಬೂಫ್‌ಗೆ ನಂಬಿಕೆ ಬರಲಿಲ್ಲ. ರೈಲು ಹತ್ತಿ ಪ್ಯಾರಿಸ್ಸಿಗೇ ಬಂದು ನೋಡಿದರು. ನೋಡಿದರೆ ಆಯಸ್ಕಾಂತವನ್ನು ರೋಗಿಯ ಕಣ್ಣೆದುರೇ ಹಿಡಿಯುತ್ತಿದ್ದಾರೆ. ಈಗ ಏನಾಗುತ್ತದೆ ಅಂತ ಅವಳಿಗೆ ಕೇಳಿಸುವ ಹಾಗೆಯೇ ಮಾತಾಡುತ್ತಿದ್ದಾರೆ. ಅವಳು ಅದೇ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದವಳು, ವೈದ್ಯರಿಗೆ ಏನು ಬೇಕು ಅನ್ನೋದು ಅವಳಿಗೆ ಚೆನ್ನಾಗಿ ಗೊತ್ತು. ಡೆಲ್ಬೂಫ್ ಊರಿಗೆ ಮರಳಿ ತಾವೇ ಪ್ರಯೋಗ ಮಾಡಿದರು. ಸುಳಿವು ಕೊಡದಿದ್ದರೆ ಆಯಸ್ಕಾಂತ ಏನೂ ಮಾಡಲಿಲ್ಲ. ಸುಳಿವು ಕೊಟ್ಟರೆ ಆಯಸ್ಕಾಂತವೇ ಬೇಕಾಗಲಿಲ್ಲ.

ಬಿನೆ ಸುಲಭಕ್ಕೆ ಒಪ್ಪಲಿಲ್ಲ, ಜಗಳವಾಡಿದ. ಆದರೆ ಕೊನೆಗೆ 1890ರ ದಶಕದ ಆರಂಭದಲ್ಲಿ, ಹಿಪ್ನಾಟಿಸಂ ಅಧ್ಯಯನಗಳಲ್ಲಿ ತಪ್ಪಿನ ದೊಡ್ಡ ಮೂಲ ಪ್ರಯೋಗ ಮಾಡುವವನೇ ಕೊಡುವ ಸೂಚನೆ ಅಂತ ಬರಹದಲ್ಲೇ ಒಪ್ಪಿಕೊಂಡ. ಆಸ್ಪತ್ರೆ ಬಿಟ್ಟ. ಮೂವತ್ತು ದಾಟಿದ, ಹೆಂಡತಿ-ಮಕ್ಕಳಿರುವ ಮನುಷ್ಯ ಏಳು ವರ್ಷದ ದುಡಿಮೆ ನೀರಿಗೆ ಹೋಯ್ತು ಅಂತ ಬಹಿರಂಗವಾಗಿ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಮನೆಯಲ್ಲಿ ಎರಡು ಹೆಣ್ಣುಮಕ್ಕಳು. 1885ರಲ್ಲಿ ಹುಟ್ಟಿದ ಮಡ್ಲೇನ್, 1887ರಲ್ಲಿ ಹುಟ್ಟಿದ ಅಲೀಸ್. ಆಸ್ಪತ್ರೆಯ ದಾರಿ ಮುಚ್ಚಿದ ಮೇಲೆ ಬಿನೆಗೆ ಪ್ರಯೋಗಶಾಲೆ ಅಂದರೆ ಈ ಇಬ್ಬರೇ. ಮಡ್ಲೇನ್‌ಗೆ ನಾಲ್ಕು ವರ್ಷ ಆಗಿದ್ದಾಗ ಬಿಲ್ಲೆಗಳ ಎರಡು ಗುಂಪು ಮಾಡಿಟ್ಟು ಯಾವುದರಲ್ಲಿ ಹೆಚ್ಚಿದೆ ಅಂತ ಕೇಳುತ್ತಿದ್ದ. ಅವಳಿಗೆ ಅಷ್ಟು ದೂರ ಎಣಿಸಲಿಕ್ಕೆ ಬರುತ್ತಿರಲಿಲ್ಲ. ಆದರೂ ಹದಿನೇಳಕ್ಕೂ ಹದಿನೆಂಟಕ್ಕೂ ವ್ಯತ್ಯಾಸ ಹೇಳಿಬಿಡುತ್ತಿದ್ದಳು. ಸಾಧಾರಣ ಅಪ್ಪನಾಗಿದ್ದರೆ ಮಗಳು ಜಾಣೆ ಅಂತ ಊರಿಗೆಲ್ಲ ಹೇಳಿ ಸುಮ್ಮನಾಗುತ್ತಿದ್ದ. ಬಿನೆ ಒಂದು ಗುಂಪಿಗೆ ದೊಡ್ಡ ಬಿಲ್ಲೆ, ಇನ್ನೊಂದಕ್ಕೆ ಸಣ್ಣ ಬಿಲ್ಲೆ ಇಟ್ಟು ಮತ್ತೆ ಕೇಳಿದ. ಈಗ ಲೆಕ್ಕ ತಪ್ಪಿತು. ಮಗು ಎಣಿಸುತ್ತಿರಲಿಲ್ಲ, ಎಷ್ಟು ಜಾಗ ಹಿಡಿದಿದೆ ಅಂತ ನೋಡುತ್ತಿತ್ತು. ಉತ್ತರ ಸರಿ ಬಂದ ಮಾತ್ರಕ್ಕೆ ಮಗು ನಾವಂದುಕೊಂಡ ದಾರಿಯಲ್ಲೇ ಬಂದಿದೆ ಅಂತಲ್ಲ ಅನ್ನೋದು ಅವನಿಗೆ ಸಿಕ್ಕಿದ್ದು ಇಲ್ಲೇ, ಮನೆಯ ಮೇಜಿನ ಮೇಲೆ. ಚಾಕು ಅಂದರೇನು, ಕುದುರೆ ಅಂದರೇನು ಅಂತ ಆ ಮಕ್ಕಳಿಗೆ ಕೇಳುತ್ತಿದ್ದ ಪ್ರಶ್ನೆಗಳೇ ಮುಂದೆ ಟೆಸ್ಟಿನೊಳಗೂ ಸೇರಿದವು.

ಕೆಲಸ ಸಿಕ್ಕಿದ ಬಗೆಯೂ ವಿಚಿತ್ರ. 1891ರಲ್ಲಿ ರೂವಾಂ ರೈಲು ನಿಲ್ದಾಣದಲ್ಲಿ ಆಂರಿ ಬೋನಿ ಎದುರಾದರು. ಬೋನಿ ಸೋರ್ಬಾನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಲ್ಯಾಬ್‌ನ ಮುಖ್ಯಸ್ಥ. ಹಿಪ್ನಾಟಿಸಂ ಜಗಳದಲ್ಲಿ ಎದುರು ಪಾಳೆಯದವರು. ಬಿನೆ ನಾಚಿಕೆ ಬಿಟ್ಟು ನಿಮ್ಮಲ್ಲಿ ಕೆಲಸ ಮಾಡಲೇ ಅಂತ ಕೇಳಿದ. ಅವರು ಬಾ ಅಂದರು. ಸಂಬಳ ಮಾತ್ರ ಇಲ್ಲ. 1894ರಲ್ಲಿ ಅದೇ ಲ್ಯಾಬಿನ ನಿರ್ದೇಶಕನಾದ. ಮರುವರ್ಷ ಬೋನಿಯವರ ಜೊತೆ ಶುರು ಮಾಡಿದ ಮನಶ್ಶಾಸ್ತ್ರದ ವಾರ್ಷಿಕ ಪತ್ರಿಕೆ ಇವತ್ತಿಗೂ ಬರುತ್ತಿದೆ. ಪ್ರೊಫೆಸರ್ ಹುದ್ದೆ ಕೊನೆವರೆಗೂ ಸಿಗಲಿಲ್ಲ, ಅದು ಬೇರೆ ಕಥೆ.

ಪೆಟ್ಟು ತಿಂದವನು ಪೆಟ್ಟು ಬಿದ್ದ ಜಾಗವನ್ನೇ ಕೆದಕತೊಡಗಿದ. ಕೇಳುವವನ ಮಾತು ಮಗುವಿನ ಉತ್ತರವನ್ನು ಎಷ್ಟು ಬದಲಿಸುತ್ತದೆ? ಸಹೋದ್ಯೋಗಿ ವಿಕ್ಟರ್ ಆಂರಿ ಜೊತೆ ಶಾಲೆಗಳಿಗೆ ಹೋಗಿ ಒಂದು ಗೆರೆ ತೋರಿಸಿ, ಅಷ್ಟೇ ಉದ್ದದ ಗೆರೆಯನ್ನು ಬೇರೆ ಗೆರೆಗಳ ನಡುವೆ ಹುಡುಕಲು ಹೇಳಿದ. ಮಗು ಬೆರಳಿಟ್ಟ ಕೂಡಲೇ, ಖಾತ್ರಿಯಾ, ಪಕ್ಕದ್ದಲ್ಲವಾ ಅಂತ ಮೆಲ್ಲಗೆ ಕೇಳುವುದು. ಅಷ್ಟೇ. ಸಣ್ಣ ಮಕ್ಕಳಲ್ಲಿ ಹೆಚ್ಚಿನವರು ಉತ್ತರ ಬದಲಿಸಿಬಿಟ್ಟರು, ಸರಿಯಾಗಿ ಹೇಳಿದ್ದವರೂ!

1900ರಲ್ಲಿ ಬಂದ ಪುಸ್ತಕದಲ್ಲಿ ಇನ್ನೂ ಸ್ಪಷ್ಟವಾದ ಪ್ರಯೋಗವಿದೆ. ಒಂದು ರಟ್ಟಿನ ಮೇಲೆ ಗುಂಡಿ, ನಾಣ್ಯ ಇತ್ಯಾದಿ ಅಂಟಿಸಿ ಮಕ್ಕಳಿಗೆ ಕೆಲವೇ ಕ್ಷಣ ತೋರಿಸಿದರು. ಗುಂಡಿಯನ್ನು ಅಂಟಿನಿಂದ ಅಂಟಿಸಿತ್ತು, ದಾರ ಇರಲೇ ಇಲ್ಲ. ನೋಡಿದ್ದನ್ನು ನೀನೇ ಹೇಳು ಅಂದಾಗ ಮಕ್ಕಳ ಹೇಳಿಕೆಯಲ್ಲಿ ತಪ್ಪು ಕಡಿಮೆ. ಗುಂಡಿಯನ್ನು ದಾರದಿಂದ ಹೊಲಿದಿತ್ತಲ್ಲವೇ ಅಂದರೆ ತಪ್ಪು ಹೆಚ್ಚು. ಆ ದಾರ ಯಾವ ಬಣ್ಣದ್ದು ಅಂತ ಕೇಳಿದರಂತೂ ಇಲ್ಲದ ದಾರಕ್ಕೆ ಬಣ್ಣವನ್ನೂ ಹೇಳಿದರು. ಅದೂ ಅನುಮಾನವಿಲ್ಲದೆ, ಖಡಾಖಂಡಿತವಾಗಿ. ಕೋರ್ಟು-ಕಚೇರಿಗಳಲ್ಲಿ ಮಕ್ಕಳ ಸಾಕ್ಷಿಯ ಬಗ್ಗೆ ಚರ್ಚೆ ಬಂದಾಗಲೆಲ್ಲ ತಜ್ಞರು ಈ ಗುಂಡಿಯ ಪ್ರಯೋಗವನ್ನು ಈಗಲೂ ನೆನೆಯುತ್ತಾರೆ.

ಇಷ್ಟಾದರೂ ಅವನಿಗೆ ತನ್ನ ಮೇಲೇ ವಿಶ್ವಾಸ ಇರಲಿಲ್ಲ. ತಲೆ ದೊಡ್ಡದಿದ್ದರೆ ಬುದ್ಧಿ ಹೆಚ್ಚು ಅನ್ನೋ ನಂಬಿಕೆ ಆಗ ವಿಜ್ಞಾನಿಗಳಲ್ಲೇ ಇತ್ತು. ಬಿನೆಯೂ ಜಾಣ ಮತ್ತು ದಡ್ಡ ಅನ್ನಿಸಿಕೊಂಡ ಮಕ್ಕಳ ತಲೆ ಅಳೆದ. ವ್ಯತ್ಯಾಸ ಬಂದದ್ದು ಮಿಲಿಮೀಟರ್ ಲೆಕ್ಕದಲ್ಲಿ. ಆಗ ಸಂಶಯ ಬಂತು. ವ್ಯತ್ಯಾಸ ಇರಲೇಬೇಕು ಅಂತ ಅಳೆಯುವಾಗ ತನ್ನ ಕೈಯೇ ತನಗೆ ಗೊತ್ತಿಲ್ಲದೆ ಮೋಸ ಮಾಡುತ್ತಿದ್ದರೆ? ತಾನೂ ತನ್ನ ಶಿಷ್ಯ ತೆಯೋದೋರ್ ಸಿಮೋನನೂ ಅಳೆದ ಅದೇ ತಲೆಗಳ ಲೆಕ್ಕ ಹೋಲಿಸಿ, ಮತ್ತೊಮ್ಮೆ ಅಳೆದು ನೋಡಿದ. ತಲೆ ಅದೇ, ಅಳತೆ ಬೇರೆ. ಹುಡುಕುತ್ತಿದ್ದ ವ್ಯತ್ಯಾಸಕ್ಕಿಂತ ಅಳೆಯುವವನ ತಪ್ಪೇ ದೊಡ್ಡದಿರಬಹುದು ಅಂತ ತಿಳಿದ ಮೇಲೆ ತಲೆ ಅಳತೆಯ ಮೇಲಿನ ಭರವಸೆ ಹೋಯಿತು.

ಸರ್ಕಾರದ ಕರೆ ಬಂದದ್ದು 1904ರಲ್ಲಿ. ಫ್ರಾನ್ಸಿನಲ್ಲಿ ಶಿಕ್ಷಣ ಕಡ್ಡಾಯವಾಗಿ ಇಪ್ಪತ್ತು ವರ್ಷ ಕಳೆದಿತ್ತು. ತರಗತಿಯಲ್ಲಿ ಪಾಠ ಹತ್ತದ ಮಕ್ಕಳಿಗೆ ವಿಶೇಷ ತರಗತಿ ಬೇಕು ಅಂತಾಯ್ತು. ಆದರೆ ಅಲ್ಲಿಗೆ ಯಾರನ್ನು ಕಳಿಸಬೇಕು ಅಂತ ಹೇಳುವವರು ಯಾರು? ಶಿಕ್ಷಕರಿಗೆ ಬಿಟ್ಟರೆ ತರಲೆ ಮಾಡುವ ಹುಡುಗನನ್ನು ದಾಟಿಸಿಬಿಡುವ ಆಸೆ. ತಂದೆ-ತಾಯಿಗೆ ಮರ್ಯಾದೆಯ ಪ್ರಶ್ನೆ. ವೈದ್ಯರೋ, ಇನ್ನೂ ಕಷ್ಟ. ಬಿನೆ ಮತ್ತು ಸಿಮೋನ್ ಒಂದೇ ಮಗುವಿಗೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೊಟ್ಟ ಸರ್ಟಿಫಿಕೇಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಬ್ಬರು ತೀರಾ ಮಂದಮತಿ ಅಂತ ಬರೆದರೆ ಇನ್ನೊಬ್ಬರು ಸ್ವಲ್ಪ ಮಂದ ಅಂತ ಬರೆದಿದ್ದರು. ಮಗುವಿನ ಹಣೆಬರಹ ಯಾವ ಡಾಕ್ಟರು ಡ್ಯೂಟಿಯಲ್ಲಿದ್ದರು ಅನ್ನೋದರ ಮೇಲೆ ನಿಂತಿತ್ತು.

1905ರಲ್ಲಿ ಇಬ್ಬರೂ ಸೇರಿ 30 ಸಣ್ಣ ಸಣ್ಣ ಪರೀಕ್ಷೆಗಳ ಪಟ್ಟಿ ಪ್ರಕಟಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು ಮೊದಲನೆಯದು. ಗೌರವಕ್ಕೂ ಸ್ನೇಹಕ್ಕೂ ಏನು ವ್ಯತ್ಯಾಸ ಅಂತ ಹೇಳುವಂಥದ್ದು ಕೊನೆಯದು. ನಡುವೆ ಒಂದು ತಮಾಷೆಯ ಬಲೆಯೂ ಇತ್ತು. ಚಿತ್ರ ತೋರಿಸಿ ‘ನಿಚೆವೊ’ ಎಲ್ಲಿದೆ ತೋರಿಸು ಅಂತ ಕೇಳುವುದು. ಹಾಗೊಂದು ವಸ್ತುವೇ ಇಲ್ಲ. ಮಗು ಕೇಳಿದವರ ಮನಸ್ಸು ಮೆಚ್ಚಿಸಲು ಎಲ್ಲಾದರೂ ಬೆರಳಿಡುತ್ತದೆಯೇ ಅಂತ ನೋಡಲಿಕ್ಕೆ. ಹಳೇ ಆಯಸ್ಕಾಂತ ಇನ್ನೂ ಮರೆತಿರಲಿಲ್ಲ ಅಂತ ಕಾಣುತ್ತದೆ.

ಪ್ರಶ್ನೆಗಳಿಗಿಂತ ಮುಖ್ಯವಾದದ್ದು ಅವುಗಳ ಜೊತೆ ಬಂದ ನಿಯಮಗಳು. ಇಂದಿಗೂ ಟೆಸ್ಟ್ ಮಾಡಲು ಕಲಿಯುವ ಪ್ರತಿ ವಿದ್ಯಾರ್ಥಿ ಮೊದಲು ಕಲಿಯುವುದು ಇಂಥವನ್ನೇ. ಕೋಣೆ ಶಾಂತವಾಗಿರಬೇಕು. ಪರೀಕ್ಷಕ ಮತ್ತು ಮಗು ಇಬ್ಬರೇ ಇದ್ದರೆ ಒಳ್ಳೆಯದು. ಹೆಡ್‌ಮಾಸ್ಟರೋ ಪೋಷಕರೋ ಇರಲೇಬೇಕಾದರೆ ತುಟಿ ಬಿಚ್ಚಬಾರದು. ಮಗುವನ್ನು ಮೊದಲು ಪ್ರೀತಿಯಿಂದ ಮಾತಾಡಿಸಿ ಹೆದರಿಕೆ ಬಿಡಿಸಬೇಕು, ನಡುನಡುವೆ ಹುರಿದುಂಬಿಸಬೇಕು. ಆದರೆ ಉತ್ತರದ ದಾರಿ ತೋರಿಸಬಾರದು, ಪಾಠ ಹೇಳಬಾರದು, ಬೈಯಬಾರದು. ಕೊಟ್ಟ ಮಾತುಗಳಲ್ಲೇ ಕೇಳಬೇಕು. ಮಗು ಹೇಳಿದ್ದನ್ನು ಆಗಲೇ ಬರೆದುಕೊಳ್ಳಬೇಕು, ಆಮೇಲೆ ನೆನಪಿನಿಂದ ಬರೆಯುವುದಲ್ಲ.

ಕೇಳಲಿಕ್ಕೆ ಸುಲಭ. ಮಾಡಿ ನೋಡಿದವರಿಗೇ ಗೊತ್ತು ಕಷ್ಟ. ಅದರಲ್ಲೂ ಮೇಷ್ಟ್ರುಗಳಿಗೆ. ಮಗು ತಡವರಿಸಿದರೆ ಬಿಡಿಸಿ ಹೇಳುವುದು ಅವರ ಅಭ್ಯಾಸ, ಅದೇ ಅವರ ಒಳ್ಳೆಯತನ. ಟೆಸ್ಟಿನಲ್ಲಿ ಅದೇ ತಪ್ಪು. ಒಂದು ಉದಾಹರಣೆ ನೋಡಿ. ಮಗುವಿಗೆ ಚಿತ್ರ ತೋರಿಸಿ ಏನು ಕಾಣುತ್ತದೆ ಅಂತ ಕೇಳಬೇಕು. ಮೂರು ವರ್ಷದ ಮಗು ಅಜ್ಜ, ಗಾಡಿ, ಹುಡುಗ ಅಂತ ಹೆಸರಿಸುತ್ತದೆ. ಏಳರ ಸುಮಾರಿಗೆ ಅಜ್ಜ ಗಾಡಿ ಎಳೆಯುತ್ತಿದ್ದಾನೆ ಅಂತ ವಿವರಿಸುತ್ತದೆ. ಇನ್ನೂ ದೊಡ್ಡವರು ಮನೆ ಬಿಟ್ಟು ಹೋಗುತ್ತಿದ್ದಾರೆ, ಪಾಪ ಬಡವರು ಅಂತ ಅರ್ಥ ಹಚ್ಚುತ್ತಾರೆ. ಪರೀಕ್ಷಕ ಬೆರಳು ಇಟ್ಟು, ಈ ಅಜ್ಜ ಏನು ಮಾಡ್ತಿದ್ದಾನೆ ಅಂತ ಕೇಳಿದ ಅನ್ನಿ, ಹೆಸರಷ್ಟೇ ಹೇಳುತ್ತಿದ್ದ ಮಗುವನ್ನು ತಾನೇ ಕೈ ಹಿಡಿದು ಮುಂದಿನ ಮೆಟ್ಟಿಲಿಗೆ ಹತ್ತಿಸಿದ ಹಾಗಾಯ್ತು. ಅಂಕಿಗಳನ್ನು ಕೇಳಿ ಮರಳಿ ಹೇಳುವ ಪ್ರಶ್ನೆಯಲ್ಲೂ ಹಾಗೆಯೇ. ಫೋನ್ ನಂಬರ್ ಹೇಳುವ ಹಾಗೆ ಜೋಡಿ ಜೋಡಿಯಾಗಿ, ರಾಗ ಎಳೆದು ಹೇಳಿದರೆ ನೆನಪಿಡುವುದು ಸುಲಭ. ಒಂದೇ ಅಂತರ, ಒಂದೇ ಒತ್ತಿನಲ್ಲಿ ಹೇಳಿದರೆ ಕಷ್ಟ. ಹುಬ್ಬಳ್ಳಿಯಲ್ಲಿ ಒಬ್ಬರು ಹಾಗೆ, ಗದಗಿನಲ್ಲಿ ಇನ್ನೊಬ್ಬರು ಹೀಗೆ ಕೇಳಿದರೆ ಎರಡು ಮಕ್ಕಳ ನಂಬರನ್ನು ಹೋಲಿಸುವುದಾದರೂ ಹೇಗೆ?

1908ರಲ್ಲಿ ಪ್ರಶ್ನೆಗಳನ್ನು ಮೂರರಿಂದ ಹದಿಮೂರು ವರ್ಷದವರೆಗೆ ವಯಸ್ಸಿನ ಪ್ರಕಾರ ಜೋಡಿಸಿದರು. ಐದು ವರ್ಷದ ಮಗು ನೋಡಲಿಕ್ಕೆ ಒಂದೇ ಥರ ಇರುವ 3 ಗ್ರಾಂ ಮತ್ತು 12 ಗ್ರಾಂ ಡಬ್ಬಿಗಳಲ್ಲಿ ಭಾರದ್ದು ಯಾವುದು ಹೇಳಬೇಕು, ಚೌಕ ನೋಡಿ ಬರೆಯಬೇಕು, ನಾಲ್ಕು ನಾಣ್ಯ ಎಣಿಸಬೇಕು, ಹೀಗೆ. ಸ್ಕೇಲು ಜನಪ್ರಿಯವಾದಷ್ಟೂ ಬಿನೆಯ ಎಚ್ಚರಿಕೆ ಜಾಸ್ತಿಯಾಯಿತು. ನಿಲ್ದಾಣದಲ್ಲಿ ನಾಣ್ಯ ಹಾಕಿದರೆ ತೂಕದ ಚೀಟಿ ಉದುರಿಸುವ ಮಷೀನಿನ ಥರ ಇದನ್ನು ಬಳಸಬಾರದು ಅಂತ ಬರೆದ. ತರಬೇತಿ ಇಲ್ಲದವನ ಕೈಗೆ ಸಿಕ್ಕರೆ ಬರುವ ನಂಬರಿಗೆ ಬೆಲೆ ಇಲ್ಲ ಅನ್ನೋದು ಅವನ ಪಕ್ಕಾ ಅಭಿಪ್ರಾಯ. ಶಿಕ್ಷಕರನ್ನೇ ಕರೆಸಿ, ಗುರುತಿಲ್ಲದ ಮಕ್ಕಳ ಬುದ್ಧಿಯನ್ನು ನಿಮ್ಮ ರೀತಿಯಲ್ಲಿ ಪರೀಕ್ಷಿಸಿ ಅಂದು ಪಕ್ಕದಲ್ಲಿ ಕೂತು ನೋಡಿದ್ದೂ ಉಂಟು. ಒಬ್ಬೊಬ್ಬರದು ಒಂದೊಂದು ಪ್ರಶ್ನೆ, ಒಂದೊಂದು ರೀತಿ.

ಇನ್ನೊಂದು ಸಂಗತಿಯೂ ಅವನ ಕಣ್ಣಿಗೆ ಬಿತ್ತು. ಬ್ರಸೆಲ್ಸ್‌ನಲ್ಲಿ ಅನುಕೂಲಸ್ಥರ ಖಾಸಗಿ ಶಾಲೆಯ ಮಕ್ಕಳಿಗೆ ಅದೇ ಟೆಸ್ಟ್ ಕೊಟ್ಟಾಗ ಅವರು ಪ್ಯಾರಿಸ್ಸಿನ ಬಡ ಮಕ್ಕಳಿಗಿಂತ ಸುಮಾರು ಒಂದೂವರೆ ವರ್ಷ ಮುಂದಿದ್ದರು. ಮನೆಯಲ್ಲಿ ಮಾತು-ಪುಸ್ತಕ ಇದ್ದವರಿಗೆ ಟೆಸ್ಟ್ ಸಲೀಸು. ಬುದ್ಧಿ ಹುಟ್ಟಿನಿಂದ ಬಂದಷ್ಟೇ, ಹೆಚ್ಚಾಗದು ಅನ್ನುವವರ ಮೇಲೆ ಬಿನೆಗೆ ಸಿಟ್ಟಿತ್ತು. ವಿಶೇಷ ತರಗತಿಯ ಮಕ್ಕಳಿಗಾಗಿ ಗಮನ, ನೆನಪು ಬೆಳೆಸುವ ಆಟಗಳನ್ನೂ ರೂಪಿಸಿದ. ಅಂಥ ತರಗತಿಗಳಿಗೆ 1909ರಲ್ಲಿ ಕಾನೂನೂ ಬಂತು.

1911ರ ಅಕ್ಟೋಬರ್ 18ರಂದು ಬಿನೆ ತೀರಿಕೊಂಡ. ವಯಸ್ಸು ಬರೀ 54. ಸ್ಕೇಲಿನ ಮೂರನೇ ಆವೃತ್ತಿ ಅದೇ ವರ್ಷ ಹೊರಬಂದಿತ್ತು. ‘ಐಕ್ಯೂ’ ಅನ್ನೋ ಪದ ಅವನದಲ್ಲ. ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕ ಹೇಳಿದ್ದು ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್. ಅದನ್ನು ನೂರರಿಂದ ಗುಣಿಸಿ ಊರೂರಿಗೆ ಹರಡಿದ್ದು 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್. ಸಿಮೋನ್ 1961ರವರೆಗೆ ಬದುಕಿದ್ದರು. ಒಂದೇ ನಂಬರಿಗೆ ಮಗುವನ್ನು ಇಳಿಸುವುದು ತಮ್ಮ ಸ್ಕೇಲಿಗೆ ಮಾಡಿದ ದ್ರೋಹ ಅಂತಲೇ ಅವರ ನಿಲುವು.

ಅವರ ಬೇಸರಕ್ಕೆ ಕಾರಣವಿತ್ತು. ಬಿನೆ ಸತ್ತು ಎರಡು ವರ್ಷ ಆಗುವಷ್ಟರಲ್ಲಿ ಅಮೆರಿಕದ ಹೆನ್ರಿ ಗಾಡರ್ಡ್ ತಂಡ ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ವಲಸಿಗರಿಗೆ ಈ ಟೆಸ್ಟ್ ಮಾಡಿತು. ವಾರಗಟ್ಟಲೆ ಹಡಗಿನಲ್ಲಿ ಬಂದು ಸುಸ್ತಾದವರು, ಪೆನ್ನೇ ಹಿಡಿಯದವರು, ಭಾಷೆ ಬಾರದವರು. ನಡುವೆ ದುಭಾಷಿ. ಪರೀಕ್ಷೆಗೆ ಕೂತವರಲ್ಲಿ ಬಹುಪಾಲು ಜನ ಮಂದಮತಿಗಳು ಅಂತ ಷರಾ ಬರೆದರು. ಶಾಂತ ಕೋಣೆ, ಹೆದರಿಕೆ ಬಿಡಿಸುವುದು, ಮಗುವಿಗೆ ಗೊತ್ತಿರುವ ಮಾತು, ಒಂದೂ ಇರಲಿಲ್ಲ. ಪ್ರಶ್ನೆಪತ್ರಿಕೆ ಮಾತ್ರ ಬಿನೆಯದೇ.

ಭಾಷೆಯ ತೊಡಕು ನಮ್ಮಲ್ಲೂ ಇತ್ತು. ಪ್ಯಾರಿಸ್ ಮಗುವಿನ ನಾಣ್ಯ, ಬೀದಿ, ಚಿತ್ರಗಳನ್ನು ಕನ್ನಡದ ಮಗುವಿನ ಮುಂದಿಟ್ಟರೆ ಅಳೆದಂತಾಗುವುದು ಬುದ್ಧಿಯಲ್ಲ, ಪರಿಚಯ. ಬರೀ ಅನುವಾದ ಮಾಡಿದರೂ ಸಾಲದು. ಈ ಪ್ರಶ್ನೆಗೆ ನಮ್ಮ ಮಕ್ಕಳು ಎಷ್ಟನೇ ವಯಸ್ಸಿಗೆ ಉತ್ತರ ಕೊಡುತ್ತಾರೆ ಅಂತ ಇಲ್ಲಿಯೇ ಕೇಳಿ ನೋಡಬೇಕು. ಮುಂಬೈ ಪ್ರಾಂತದ ಕಾಲದಲ್ಲಿ ವಿ.ವಿ. ಕಾಮತ್ ಮಾಡಿದ್ದು ಅದನ್ನೇ. ಟರ್ಮನ್ನರ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು ಧಾರವಾಡದ ಕನ್ನಡ ಮತ್ತು ಮರಾಠಿ ಮಾತಾಡುವ 1,074 ಮಕ್ಕಳನ್ನು ಪರೀಕ್ಷಿಸಿ, ಯಾವ ಪ್ರಶ್ನೆ ಯಾವ ವಯಸ್ಸಿಗೆ ಕೂರುತ್ತದೆ ಅಂತ ಹೊಸದಾಗಿ ಹೊಂದಿಸಿದರು. 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಲೇಖನ ಬಂತು, 1940ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಪುಸ್ತಕವಾಯಿತು. ಅಂದಿನ ಮಕ್ಕಳ ಲೆಕ್ಕ ಇಂದಿನ ಮಕ್ಕಳಿಗೆ ಎಷ್ಟು ಹೊಂದುತ್ತದೆ ಅನ್ನೋ ತಕರಾರು ತಜ್ಞರಲ್ಲಿ ಇದ್ದೇ ಇದೆ. ಆದರೂ ದೇಶದ ಎಷ್ಟೋ ಮನೋರೋಗ ವಿಭಾಗಗಳಲ್ಲಿ ಆ ಪೆಟ್ಟಿಗೆ ಇನ್ನೂ ತೆರೆಯುತ್ತದೆ. ಕಾರ್ಡು, ಮಣಿ, ಚಿತ್ರಗಳನ್ನು ಮೇಜಿನ ಮೇಲೆ ಹರಡುವ ಮೊದಲು ಪರೀಕ್ಷಕರು ಎದ್ದು, ಅಮ್ಮನಿಗೆ ಹೊರಗಿನ ಬೆಂಚು ತೋರಿಸಿ, ಬಾಗಿಲು ಮುಂದೆ ಮಾಡಿಕೊಂಡು ಬಂದು, ಮಗುವಿನ ಹೆಸರು ಕೇಳುತ್ತಾರೆ.